ಎಣ್ಣೆ ಒಣಗೋ ರೂಮು

ನಮ್ಮನೇಲಿ ಎರಡು ರೂಮು, ಒಂದು ಅಡಿಗೆಮನೆ. ಕಿಟಕಿ ಇರೋ ದೊಡ್ಡ ರೂಮು ಮರಕ್ಕೆ. ಕಿಟಕಿ ಇಲ್ದಿರೋ ಚಿಕ್ಕ ರೂಮು ನಮ್ಮ ಮೂರು ಜನಕ್ಕೆ. ಅವ್ವ ಯಾವ ಜಗಳ ತೆಗೆದ್ರೂ ಇಲ್ಲಿಂದಾನೇ ತೆಗೀತಿದ್ಲು. ಮನುಷ್ಯರು ಉಸಿರು ಕಟ್ಕೊಂಡು ಮಲಗ್ಬೇಕಂತೆ, ಕಟ್ಟಿಗೆಗೆ ಗಾಳಿ ಬೇಕಂತೆ. ಅವಳ ಮಾತು ನ್ಯಾಯಾನೇ. ಆದ್ರೆ ಮರಕ್ಕೆ ಹಚ್ಚಿದ ಎಣ್ಣೆ ಒಣಗೋದು ಗಾಳಿಯಿಂದ. ಬಿಸಿಲಿಗಿಟ್ರೆ ಮರ ಸೀಳು ಬಿಡತ್ತೆ, ಮುಚ್ಚಿಟ್ರೆ ಎಣ್ಣೆ ವಾರ ಆದ್ರೂ ಹಂಗೇ ಇರತ್ತೆ. ಗಾಳಿ ಬೇಕೇ ಬೇಕು. ಜಿಗಣೀಲಿ ಗಾಳಿ ಅಂದ್ರೆ ಕಲ್ಲಿನ ಧೂಳು. ನಮ್ಮ ರಸ್ತೆ ಹಿಂದೆ ಮುಂದೆ ಎಲ್ಲಾ ಗ್ರಾನೈಟ್ ಕೊಯ್ಯೋ ಫ್ಯಾಕ್ಟರಿಗಳು. ಬೆಳಿಗ್ಗೆ ಒಣಗಾಕಿದ ಬಟ್ಟೆ ಮಧ್ಯಾಹ್ನ ಕೊಡವಿದ್ರೆ ಬಿಳಿ ಪುಡಿ ಉದುರ್ತಿತ್ತು. ಗಾಳಿ ಒಳಗೆ ಬರ್ಬೇಕು, ಧೂಳು ಬರಬಾರ್ದು. ಅದಕ್ಕೆ ಅಪ್ಪ ಅವ್ವನ ಒಂದು ತೆಳ್ಳನೆ ಹಳೇ ಸೀರೆ ಎರಡು ಮಡಿಕೆ ಮಾಡಿ ಕಿಟಕಿಗೆ ಮೊಳೆ ಹೊಡೆದಿದ್ದ. ನನಗ ಸೀರಿ ತರಲಾರದೋರು ಕಿಟಕಿಗೆ ಉಡಿಸ್ಯಾರ ನೋಡ್ರಿ ಅಂತ ಅವ್ವ ಅಕ್ಕಪಕ್ಕದೋರಿಗೆ ತೋರಿಸ್ತಿದ್ಲು.

ಆ ರೂಮಲ್ಲಿ ಇದ್ದಿದ್ದು ಬಂದೂಕಿನ ಹಿಡಿಗಳು. ಹೆಗಲಿಗೆ ಒತ್ತಿ ಹಿಡ್ಕೊಳ್ಳೋ ಮರದ ಭಾಗ ಇರತ್ತಲ್ಲ, ಅಷ್ಟೇ. ನಳಿಗೆ ಇಲ್ಲ, ಕಬ್ಬಿಣ ಇಲ್ಲ. ಅಪ್ಪ ಜಿಗಣೀಲಿ ಬಾಗಿಲು ಮಾಡೋ ಒಂದು ಫ್ಯಾಕ್ಟರೀಲಿ ಬಡಗಿ. ದಿನಾ ಎಂಟು ಗಂಟೆ ಸ್ಯಾಂಡಿಂಗ್ ಮಿಷಿನ್ ಹಿಡ್ಕೊಂಡು ಬಾಗಿಲು ಉಜ್ಜೋ ಕೆಲಸ. ಹಿಡಿಗಳದ್ದು ಮನೆ ಕೆಲಸ. ಸಿಟೀಲಿ ಖಾದರ್ ಸಾಬ್ರು ಅಂತ, ಲೈಸೆನ್ಸ್ ಇರೋ ಬಂದೂಕಿನ ಅಂಗಡಿ ಅವರದ್ದು. ಕಾಫಿ ತೋಟದೋರು, ಶೂಟಿಂಗ್ ಕಾಂಪಿಟೇಶನ್‌ಗೆ ಹೋಗೋ ಹುಡುಗ್ರು ಅಲ್ಲಿಗೆ ರಿಪೇರಿಗೆ ಕೊಡ್ತಿದ್ರು. ಸಾಬ್ರು ಕಬ್ಬಿಣ ಎಲ್ಲಾ ಅಂಗಡೀಲೇ ಬಿಚ್ಚಿಟ್ಟು ಬರೀ ಮರಾನ ಬೆಡ್‌ಶೀಟಲ್ಲಿ ಸುತ್ತಿ ಸ್ಕೂಟರ್ ಮುಂದೆ ಇಟ್ಕೊಂಡು ಭಾನುವಾರ ಬರ್ತಿದ್ರು. ಮಗು ಎತ್ಕೊಂಡು ಬಂದಂಗೆ ಕಾಣೋದು. ಬೀದೀಲಿ ಮಾತ್ರ ನಮ್ಮನೇಲಿ ಬಂದೂಕು ಮಾಡ್ತಾರೆ ಅಂತಾನೇ ಸುದ್ದಿ. ಓನರಮ್ಮ ಒಂದು ಸಲ ಬಂದು, ಚರಂಡಿ ಹತ್ರ ಹಂದಿ ಜಾಸ್ತಿ ಆಗವೆ, ನಿಮ್ಮಪ್ಪಂಗೆ ಒಂದೆರಡು ಹೊಡಿಯಕ್ಕೆ ಹೇಳು ಅಂದ್ರು. ಬರೀ ಮರದಲ್ಲಿ ಹೆಂಗೆ ಹೊಡೀತಾರೆ ಅಂದೆ. ಹಂಗಾದ್ರೆ ಬಾರಿಸಕ್ಕೆ ಹೇಳು ಅಂದ್ರು.

ಕೆಲಸ ಏನು ಅಂತ ಹೇಳ್ಬಿಡ್ತೀನಿ. ಹಳೇ ಪಾಲಿಶ್ ಎಲ್ಲಾ ಕೆರೆದು ತೆಗೀಬೇಕು. ಮರ ಎಲ್ಲಿ ತಗ್ಗಾಗಿರತ್ತೋ ಅಲ್ಲಿ ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಬೇಕು, ಆವಿಗೆ ಮರ ಉಬ್ಬಿ ಮೇಲೆ ಬರತ್ತೆ. ಅದೇ ಇಸ್ತ್ರಿ ಪೆಟ್ಟಿಗೇಲಿ ನನ್ನ ಯೂನಿಫಾರಂ. ಆಮೇಲೆ ಎಣ್ಣೆ. ಅಗಸೆ ಎಣ್ಣೆ, ಬೇರೆ ಯಾವುದೂ ಇಲ್ಲ. ನಮ್ಮೂರು ಬಾಗಲಕೋಟೆ ಕಡೆ. ಅಲ್ಲಿಂದ ಮಾವ ಗಾಣದಲ್ಲಿ ತೆಗೆಸಿ ಕ್ಯಾನಲ್ಲಿ ತುಂಬಿ ಬಸ್ಸಿಗೆ ಹಾಕ್ತಿದ್ದ. ಹಸೀದು ಹಂಗೇ ಹಚ್ಚಿದ್ರೆ ಬೇಗ ಒಣಗಲ್ಲ. ಅಪ್ಪ ಅದನ್ನ ಅಗಲವಾದ ಸ್ಟೀಲ್ ತಟ್ಟೇಲಿ ಹುಯ್ದು, ಮೇಲೊಂದು ಗಾಜು ಮುಚ್ಚಿ, ಅಂಚಲ್ಲಿ ಸ್ವಲ್ಪ ಗಾಳಿ ಆಡೋಕೆ ಜಾಗ ಬಿಟ್ಟು, ಬೇಸಿಗೇಲಿ ತಿಂಗಳುಗಟ್ಲೆ ತಾರಸಿ ಮೇಲೆ ಇಡ್ತಿದ್ದ. ಅದು ಜೇನಿನ ಥರ ಮಂದ ಆಗೋದು. ಹಚ್ಚುವಾಗ ಎರಡೇ ಎರಡು ತೊಟ್ಟು. ಅಂಗೈಯಲ್ಲಿ ಹಾಕ್ಕೊಂಡು, ಅಂಗೈ ಬಿಸಿ ಆಗೋವರೆಗೂ ಉಜ್ಜೋದು. ಉಜ್ಜಿ ಮುಗಿಸಿದ್ರೆ ಎಣ್ಣೆ ಹಚ್ಚಿದಾರೆ ಅಂತಾನೇ ಗೊತ್ತಾಗಬಾರ್ದು. ಕೈಯಲ್ಲಿ ಹಿಡ್ಕೊಳ್ಳೋ ಜಾಗದಲ್ಲಿ ಗೀಟು ಗೀಟು ಕೆತ್ತಿರ್ತಾರಲ್ಲ, ಅದರೊಳಗೆ ಕೂತಿರೋ ಎಣ್ಣೇನ ಹಳೇ ಹಲ್ಲುಜ್ಜೋ ಬ್ರಶ್ಶಲ್ಲಿ ತೆಗೆಯೋದು. ಆಮೇಲೆ ತಂತಿ ಕಟ್ಟಿ ಮೇಲಿನ ಕೊಕ್ಕೆಗೆ ನೇತಾಕೋದು, ಯಾವ ಕಡೆಯೂ ಏನೂ ತಾಗಬಾರ್ದು. ಮೂರು ದಿನ, ನಾಲ್ಕು ದಿನ. ಪೂರ್ತಿ ಒಣಗಿದ್ಮೇಲೆ ಇನ್ನೊಂದು ಕೈ, ಅಂದ್ರೆ ಇನ್ನೊಂದು ಸಲ ಎಣ್ಣೆ. ಹಿಂಗೆ ಹತ್ತು, ಹನ್ನೆರಡು ಕೈ. ಒಣಗೋಕೆ ಮುಂಚೆ ಇನ್ನೊಂದು ಕೈ ಹಚ್ಚಿದ್ರೆ ಮುಗೀತು. ಹಾಲಿಗೆ ಕೆನೆ ಕಟ್ಟಿದಂಗೆ ಮೇಲೆ ಮಾತ್ರ ಗಟ್ಟಿ, ಒಳಗೆ ಹಸಿ. ಅದು ಯಾವತ್ತೂ ಒಣಗಲ್ಲ. ಒರೆಸಿದ ಬಟ್ಟೆಗಳ್ನ ಅಪ್ಪ ಯಾವತ್ತೂ ಗುಡ್ಡೆ ಹಾಕ್ತಿರ್ಲಿಲ್ಲ, ಕಾಂಪೌಂಡ್ ಮೇಲೆ ಒಂದೊಂದಾಗಿ ಹರಡ್ತಿದ್ದ. ಮುದ್ದೆ ಮಾಡಿ ಬಿಟ್ರೆ ತಾನೇ ಬಿಸಿಯಾಗಿ ಬೆಂಕಿ ಹತ್ಕೊಳ್ಳತ್ತೆ.

ನಾನೀಗ ಬೊಮ್ಮಸಂದ್ರದಲ್ಲಿ ಪೌಡರ್ ಕೋಟಿಂಗ್ ಕೆಲಸ ಮಾಡ್ತೀನಿ. ಕಬ್ಬಿಣಕ್ಕೆ ಪೌಡರ್ ಹೊಡೆದು ಓವನ್ ಒಳಗೆ ತಳ್ಳಿದ್ರೆ ಟೀ ಕುಡಿದು ಬರೋದ್ರೊಳಗೆ ಒಣಗಿರತ್ತೆ. ನಮ್ಮನೇಲಿ ಹಂಗಿರ್ಲಿಲ್ಲ. ಇಡೀ ಮನೆ ಆ ರೂಮಿನ ಟೈಮಲ್ಲಿ ನಡೀತಿತ್ತು. ಎಣ್ಣೆ ಹಚ್ಚಿದ ದಿನ ಕಸ ಗುಡಿಸಂಗಿಲ್ಲ, ಒದ್ದೆ ಬಟ್ಟೇಲಿ ನೆಲ ಒರೆಸ್ಬೇಕು. ಫ್ಯಾನ್ ಹಾಕಂಗಿಲ್ಲ. ನಾನು ಸ್ಕೂಲಿಂದ ಬಂದು ಬ್ಯಾಗ್ ಎಸೆಯಂಗಿಲ್ಲ. ಅಡಿಗೆಮನೆ ಬಾಗಿಲು ಹಾಕ್ಕೊಂಡೇ ಅವ್ವ ರೊಟ್ಟಿ ಬಡೀಬೇಕು, ಯಾಕಂದ್ರೆ ಜೋಳದ ಹಿಟ್ಟು ಹಾರತ್ತೆ. ಒಲೆ ಮುಂದೆ ಬೆವತು ನೀರಾಗಿ ಹೊರಗೆ ಬಂದು ಅವ್ವ ಅಪ್ಪನ ಮುಂದೆ ತಟ್ಟೆ ಇಟ್ಟಳು ಅಂದ್ರೆ ಸೌಂಡಲ್ಲೇ ಗೊತ್ತಾಗೋದು. ರೊಟ್ಟಿಗೆ ಅಗಸಿ ಚಟ್ನಿ. ಊಟದಲ್ಲೂ ಅದೇ, ರೂಮಲ್ಲೂ ಅದೇ. ನನ್ನ ಯೂನಿಫಾರಂಗೆ, ಪುಸ್ತಕಕ್ಕೆ ಎಲ್ಲಾ ಆ ಎಣ್ಣೆ ವಾಸನೆ. ಸ್ಕೂಲಲ್ಲಿ ನನ್ನನ್ನ ಹೆಸರು ಹಿಡಿದು ಯಾರೂ ಕರೀತಿರ್ಲಿಲ್ಲ, ಎಣ್ಣೆ ಅಂತಿದ್ರು. ಅಮಾವಾಸ್ಯೆ ದಿನ ಮಾತ್ರ ಅಪ್ಪ ಮರ ಮುಟ್ತಿರ್ಲಿಲ್ಲ. ಉಳಿ, ಬಾಚಿ, ಗರಗಸ ತೊಳೆದು ಸಾಲಾಗಿ ಇಟ್ಟು ಪೂಜೆ. ಹಿಡಿಗಳಿಗೆ ಕುಂಕುಮ ಹಚ್ಚಿದ್ರೆ ಕಲೆ ಆಗತ್ತೆ ಅಂತ ಅವ್ವ ಮೇಲಿನ ಕೊಕ್ಕೆಗೆ ಹಚ್ಚಿ ಕೈ ಮುಗೀತಿದ್ಲು. ಆವತ್ತು ಒಂದೇ ದಿನ ಅವಳು ಆ ರೂಮಿಗೆ ಬೈತಿರ್ಲಿಲ್ಲ.

ಅಪ್ಪಂಗೆ ಆ ಕೆಲಸ ಯಾಕೆ ಬೇಕಿತ್ತು ಅಂತ ನನಗೆ ಆವಾಗ್ಲೇ ಗೊತ್ತಿತ್ತು. ಫ್ಯಾಕ್ಟರೀಲಿ ಅವನು ಉಜ್ಜಿದ ಬಾಗಿಲು ಯಾವುದು, ಪಕ್ಕದೋನು ಉಜ್ಜಿದ್ದು ಯಾವುದು ಅಂತ ಯಾರಿಗೂ ಗೊತ್ತಾಗಲ್ಲ. ಹಿಡಿ ಹಂಗಲ್ಲ. ಸಾಬ್ರು ಬಂದು ಬೆಡ್‌ಶೀಟ್ ಹರಡಿ, ಮುಗಿದ ಹಿಡೀನ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ ಸುಮ್ನೆ ತಲೆ ಆಡಿಸ್ತಿದ್ರು. ಆವತ್ತು ಅಪ್ಪ ಎರಡು ರೊಟ್ಟಿ ಜಾಸ್ತಿ ತಿಂತಿದ್ದ.

ನಾನು ಆರನೇ ಕ್ಲಾಸಲ್ಲಿದ್ದಾಗ ಒಂದು ಹಿಡಿ ವಾಪಸ್ ಬಂತು. ಶೂಟಿಂಗ್ ಹುಡುಗನ್ದು. ಕೆನ್ನೆ ಒರಗಿಸಿ ಗುರಿ ಇಟ್ರೆ ಕೆನ್ನೆ ಅಂಟ್ಕೊಳ್ತಂತೆ. ಸಾಬ್ರು ನಗ್ತಾನೇ ಹೇಳಿದ್ರು. ಅಪ್ಪ ನಗ್ಲಿಲ್ಲ. ರೊಟ್ಟಿ ಹಿಟ್ಟು ಹಾರಿ ಕುಂತೈತಿ ಅಂತ ಅವ್ವನ ಮೇಲೆ ಹಾಕ್ದ. ಅವ್ವ ಮೂರು ದಿನ ಮಾತು ಬಿಟ್ಲು. ನಾಲ್ಕನೇ ದಿನ ಒಲೆ ಎತ್ಕೊಂಡು ಹೋಗಿ ಹೊರಗೆ ಮೆಟ್ಟಿಲ ಕೆಳಗೆ ಇಟ್ಕೊಂಡು, ಬೀದೀಲಿ ಹೋಗೋರೆಲ್ಲಾ ನೋಡೋ ಹಂಗೆ ರೊಟ್ಟಿ ಬಡಿಯೋಕೆ ಶುರು ಮಾಡಿದ್ಲು. ಅಪ್ಪಂಗೆ ಅವಮಾನ ಆಗ್ಲಿ ಅಂತಾನೇ ಮಾಡಿದ್ದು. ಆದ್ರೆ ಎರಡು ತಿಂಗಳಿಗೆ ಇನ್ನೊಂದು ಹಿಡಿ ಹಂಗೇ ಆಯ್ತು. ಈ ಸಲ ಸಾಬ್ರು ತಗೊಂಡು ಹೋಗೋಕೆ ಬಂದಾಗ್ಲೇ ಕೈಗೆ ಅಂಟ್ತು. ಬೆಳಕಿಗೆ ಹಿಡಿದ್ರೆ ಬೆರಳು ಗುರುತು ಕಾಣ್ತಿತ್ತು. ಸಾಬ್ರು ನಗಲಿಲ್ಲ. ಅವರು ಗೇಟು ದಾಟಿದ್ದೇ ಅಪ್ಪ ನನ್ನ ಕರೆದ.

"ಮುಟ್ಟಿದ್ಯಾ?"

"ಇಲ್ಲಪ್ಪ."

"ಮತ್ತ ಯಾರ ಬೆರಳಿವು? ನನ್ನವಾ?"

ಅವನದ್ದೇ. ಆದ್ರೆ ಅದು ಆಗ ಅವನಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಹೊಡೆದ. ಎಷ್ಟು ಜೋರಾಗಿ ಅಂದ್ರೆ ಕಿವಿ ಎರಡು ದಿನ ಕೇಳಿಸ್ಲಿಲ್ಲ. ನಾನು ಮುಟ್ಟಿರ್ಲಿಲ್ಲ. ಆ ರೂಮಿಗೆ ಹೋಗೋ ಆಸೇನೂ ನನಗಿರ್ಲಿಲ್ಲ. ಅವ್ವ ಅಡ್ಡ ಬಂದಳು, ಆದ್ರೆ ಅವಳೂ ನನ್ನ ಮುಖ ನೋಡಿದ ರೀತೀಲಿ ಮುಟ್ಟಿರಬೋದು ಅನ್ನೋ ಅನುಮಾನ ಇತ್ತು. ಏಟಿಗಿಂತ ಅದೇ ಜಾಸ್ತಿ ಉರೀತು.

ಮಾರನೇ ದಿನ ಅಪ್ಪ ರೂಮಿಗೆ ಬೀಗ ತಂದ. ಕೀಲಿ ಉಡದಾರಕ್ಕೆ ಕಟ್ಕೊಂಡ. ಅದೇ ವಾರ ಸಾಬ್ರು ಇನ್ನೊಂದು ತಂದ್ರು. ಅಕ್ರೋಟ್ ಮರದ್ದು, ಯಾರೋ ತೋಟದೋರ ತಾತನ ಕಾಲದ್ದು. ಅವರ ಮನೇಲಿ ಬಂದೂಕಿಗೆ ಪೂಜೆ ಮಾಡೋ ಹಬ್ಬ ಇದೆಯಂತೆ, ಅದಕ್ಕೆ ಮುಂಚೆ ಬೇಕಂತೆ. ಸಾಬ್ರು ಕುರ್ಚಿ ಮೇಲೆ ಕೂತ್ಕೊಳ್ಲಿಲ್ಲ, ಅವ್ವ ಕೊಟ್ಟ ಚಹಾ ನಿಂತ್ಕೊಂಡೇ ಕುಡಿದ್ರು. ಇದೊಂದು ನೋಡು, ಇದೂ ಹಂಗೇ ಆದ್ರೆ ನಾನು ಬೇರೆಯವ್ರ ಹತ್ರ ಕೊಡ್ಬೇಕಾಗತ್ತೆ, ಬೇಜಾರ್ ಮಾಡ್ಕೋಬೇಡ ಅಂದ್ರು. ಅಪ್ಪ ಸರಿ ಅಂದ. ಆಮೇಲೆ ಒಂದು ತಿಂಗಳು ಆ ರೂಮಿಗೆ ಅವನು ಬಿಟ್ರೆ ಒಂದು ನೊಣಾನೂ ಹೋಗ್ಲಿಲ್ಲ. ಫ್ಯಾಕ್ಟರಿಯಿಂದ ಬರೋದು, ಕೈ ತೊಳ್ಕೊಳ್ಳೋದು, ಬೀಗ ತೆಗೆಯೋದು, ಒಳಗಿಂದ ಅಗಳಿ ಹಾಕ್ಕೊಳ್ಳೋದು. ಅವ್ವ ಮೆಟ್ಟಿಲ ಕೆಳಗೆ ರೊಟ್ಟಿ ಬಡೀತಿದ್ಲು. ನಾನು ಓನರಮ್ಮನ ಕಟ್ಟೆ ಮೇಲೆ ಕೂತು ಹೋಂವರ್ಕ್ ಮಾಡ್ತಿದ್ದೆ. ಮನೇಲಿ ಯಾರಿಗೂ ಯಾರ ಜೊತೇನೂ ಮಾತಿಲ್ಲ.

ಒಂದು ಶನಿವಾರ ಮಧ್ಯಾಹ್ನ ಒಳಗಿಂದ ಏನೋ ಹರಿದ ಸೌಂಡು ಬಂತು. ಅಪ್ಪ ಬಾಗಿಲು ತೆಗೆದು ಹಿಡೀನ ಬೆಳಕಿಗೆ ತಂದ. ಒಣಗಿದೆ ಅಂತ ಪೇಪರ್ ಮೇಲೆ ಮಲಗಿಸಿದ್ದ. ಎತ್ತಿದ್ರೆ ಪೇಪರ್ ಅಂಟ್ಕೊಂಡು ಹರಿದಿತ್ತು. ಮರದ ಮೇಲೆ ಪೇಪರಿನ ಅಕ್ಷರ ಉಲ್ಟಾ ಅಚ್ಚಾಗಿತ್ತು. ಅವ್ವ ಬಂದು ನೋಡಿದ್ಲು. ಬೀಗ ನೋಡಿದ್ಲು. ನನ್ನ ನೋಡಿದ್ಲು. ಬೀಗ ಹಾಕಿದ ರೂಮಲ್ಲಿ ಹಿಟ್ಟೂ ಇರ್ಲಿಲ್ಲ, ನಾನೂ ಇರ್ಲಿಲ್ಲ. ಅದನ್ನ ಬಾಯಿಬಿಟ್ಟು ಹೇಳೋ ಅವಶ್ಯಕತೆ ಯಾರಿಗೂ ಇರ್ಲಿಲ್ಲ.

ಅಪ್ಪ ಅಲ್ಲೇ ಹೊಸ್ತಿಲ ಹತ್ರ ಕೂತು ಕೆರೆಯೋಕೆ ಶುರು ಮಾಡ್ದ. ಅಂಟಂಟಾಗಿರೋ ಎಣ್ಣೇನ ಗಾಜಿನ ಚೂರಲ್ಲಿ ಕೆರೀತಾರೆ, ಉಳಿಗಿಂತ ನಯವಾಗಿ ಬರತ್ತೆ. ನಾನು ನೋಡ್ತಾ ನಿಂತಿದ್ದೆ. ಬಿಸಿಲು ಬಿದ್ದಿತ್ತು, ಕಂದು ಬಣ್ಣದ ಸುರುಳಿ ಕೆಳಗೆ ಬೀಳ್ತಿತ್ತು. ಸ್ವಲ್ಪ ಹೊತ್ತಾದ್ಮೇಲೆ ಸುರುಳಿ ಕೆಂಪಗೆ ಬೀಳೋಕೆ ಶುರುವಾಯ್ತು. ಅಪ್ಪ ನಿಲ್ಲಿಸ್ಲಿಲ್ಲ. ಗಾಜು ಅವನ ತೋರುಬೆರಳಿನ ತುದೀನ ಸೀಳಿತ್ತು, ರಕ್ತ ಮರದ ಗೆರೆ ಒಳಗೆ ಇಳೀತಿತ್ತು, ಅವನು ಅದರ ಮೇಲೇ ಕೆರೀತಿದ್ದ.

"ಅಪ್ಪ, ರಕ್ತ."

"ಎಲ್ಲಿ?"

"ನಿನ್ನ ಬೆರಳು."

ಅವನು ಕೈ ಎತ್ತಿ ನೋಡ್ದ. ಬೇರೆ ಯಾರದೋ ಕೈ ನೋಡಿದಂಗೆ ನೋಡ್ದ. ನೋವಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಅವ್ವ ಅರಿಶಿನ ತಂದು ಕೂತು, ಬೆರಳು ಒತ್ತಿ ಹಿಡಿದು, ಅರಿಶಿನ ತುಂಬಿದ್ಲು. ಅಷ್ಟು ಉರಿಯೋ ಅರಿಶಿನಕ್ಕೂ ಅವನು ಕೈ ಎಳ್ಕೊಳ್ಲಿಲ್ಲ. ಆಗ ಅವ್ವ ಅವನ ಇನ್ನೊಂದು ಕೈ ಹಿಡಿದು ಒಂದೊಂದೇ ಬೆರಳಿನ ತುದಿ ಉಗುರಲ್ಲಿ ಚಿವುಟಿದ್ಲು. ಹತ್ತು ಬೆರಳೂ. ಚಿವುಟಿ ಚಿವುಟಿ ಅವನ ಮುಖ ನೋಡ್ತಿದ್ಲು.

"ಎಷ್ಟ ದಿನ ಆತ್ರಿ ಹಿಂಗಾಗಿ?"

ಅಪ್ಪ ಕೈ ಬಿಡಿಸ್ಕೊಂಡು ಮಡಿಲಲ್ಲಿ ಇಟ್ಕೊಂಡ.

"ಮಿಷಿನ್ ಬಂದ್ ಮಾಡಿದ್ರೂ ಕೈಯಾಗ ಗುಂಯ್ ಅಂತಿರ್ತೈತಿ. ಮೊದಲ ಸಂಜೀ ಮಟ ಇರ್ತಿತ್ತು, ಆಮ್ಯಾಲ ಸರಿ ಆಗ್ತಿತ್ತು. ಈಗ ಆಗವಲ್ದು. ಮುಟ್ಟಿದ್ರ ಬೆರಳಿಗೆ ಅರಬಿ ಚಿಂದಿ ಸುತ್ತಿ ಮುಟ್ಟಿದಂಗ."

ಅಷ್ಟೇ ಹೇಳಿದ್ದು. ಒಣಗಿದೆಯಾ ಇಲ್ವಾ ಅಂತ ನೋಡೋದು ಬೆರಳಿಂದ. ಬೆರಳೇ ಸತ್ತಿತ್ತು. ಮುಟ್ಟಿ ನೋಡ್ತಿದ್ದ, ಅಂಟ್ತಿರೋದು ಗೊತ್ತಾಗ್ತಿರ್ಲಿಲ್ಲ, ಒಣಗಿದೆ ಅನ್ಕೊಂಡು ಹಸಿ ಮೇಲೆ ಹಸಿ ಹಚ್ತಿದ್ದ. ಆ ಬೆರಳು ಗುರುತೆಲ್ಲಾ ಅವನು ಮುಟ್ಟಿ ಮುಟ್ಟಿ ನೋಡಿದ್ದು. ಅವ್ವ ಸೆರಗಲ್ಲಿ ಮೂಗು ಒರೆಸ್ಕೊಂಡು ಎದ್ದು ಹೋದ್ಲು. ಆವತ್ತು ಸಾಯಂಕಾಲ ಮೆಟ್ಟಿಲ ಕೆಳಗಿದ್ದ ಒಲೆ ತಂದು ಅಡಿಗೆಮನೇಲಿ ಇಟ್ಲು. ಅಪ್ಪ ನನ್ನ ಹತ್ರ ಸಾರಿ ಗೀರಿ ಏನೂ ಕೇಳ್ಲಿಲ್ಲ. ನಮ್ಮ ಕಡೆ ಅಪ್ಪಂದಿರು ಕೇಳಲ್ಲ. ನಾನೂ ಕಾದು ಕೂತಿರ್ಲಿಲ್ಲ. ಆದ್ರೆ ಸಿಟ್ಟು ಹೋಗಿರ್ಲಿಲ್ಲ.

ಡಾಕ್ಟರು ನೋಡಿ, ಮಿಷಿನ್ ಬಿಟ್ರೆ ಸ್ವಲ್ಪ ವಾಪಸ್ ಬರಬೋದು, ಬರದೇನೂ ಇರಬೋದು ಅಂದ್ರು. ಅವ್ವ ಫ್ಯಾಕ್ಟರಿ ಗೇಟಿಗೆ ತಾನೇ ಹೋಗಿ ಸೂಪರ್‌ವೈಸರ್ ಹತ್ರ ಜಗಳ ಆಡಿ ಅಪ್ಪನ್ನ ಪ್ಯಾಕಿಂಗ್‌ಗೆ ಹಾಕಿಸಿದ್ಲು. ಅದು ಬೇರೆ ಕತೆ. ಅಕ್ರೋಟ್ ಹಿಡಿ ಹೊಸದಾಗಿ ಶುರುವಾಯ್ತು. ರಕ್ತದ ಕಲೆ ಒಂದು ಕಡೆ ಗೆರೆ ಒಳಗೆ ಉಳ್ಕೊಂಡಿತ್ತು, ಎಣ್ಣೆ ಬಿದ್ಮೇಲೆ ಮರದ ಬಣ್ಣದಲ್ಲೇ ಸೇರ್ಕೊಂಡ್ಬಿಡ್ತು. ಮೊದಲನೇ ಕೈ ಹಚ್ಚಿ ನಾಲ್ಕನೇ ದಿನ ಅಪ್ಪ ರೂಮಿನ ಬಾಗಿಲಲ್ಲಿ ನಿಂತು ನನ್ನ ಕರೆದ. ನಾನು ಬರೀತಿದ್ದೆ. ಎರಡು ಸಲ ಕರೆದ್ಮೇಲೆ ಎದ್ದೆ.

"ಮುಟ್ಟಿ ನೋಡು."

ನಾನು ಮುಟ್ಲಿಲ್ಲ. ಕೈ ಹಿಂದೆ ಕಟ್ಕೊಂಡು ನಿಂತೆ. ಮುಟ್ಟದೇ ಇದ್ದಾಗ ಹೊಡೆದೋನು ಮುಟ್ಟಿದ್ರೆ ಏನು ಮಾಡ್ತಾನೋ ಅಂತ. ಹಂಗೆ ಅಂದೂಬಿಟ್ಟೆ. ಅಪ್ಪ ಮುಖ ಆ ಕಡೆ ತಿರುಗಿಸ್ಕೊಂಡ. ಆಮೇಲೆ ನನ್ನ ಕೈ ಹಿಡಿದು, ಬೆರಳು ಮಡಚಿಸಿ, ಬೆರಳಿನ ಹಿಂಭಾಗ ಮರಕ್ಕೆ ತಾಗಿಸಿದ. ತುದಿಯಿಂದ ಒತ್ತಬ್ಯಾಡ, ಹಿಂಗ ಸುಮ್ನ ಸವರು, ತಡೆದ್ರ ಹಸಿ ಅಂದ. ಸವರಿದೆ. ಹಾವಸೆ ಮೇಲೆ ಜಾರಿದಂಗೆ ಜಾರ್ತು. ಒಣಗೈತೆ ಅಂದೆ. ಅವನು ಎರಡನೇ ಕೈ ಹಚ್ಚಿದ. ಹಿಂಗೇ ಎರಡು ತಿಂಗಳು. ಅವನು ಉಜ್ಜೋದು, ನಾನು ನೋಡೋದು.

ಮಳೆಗಾಲ ಬಂತು. ಗಾಳೀಲಿ ತೇವ ಇದ್ರೆ ಎಣ್ಣೆ ಒಣಗೋದು ಲೇಟು. ಹತ್ತನೇ ಕೈ ಹಚ್ಚಿ ಆರು ದಿನ ಆಗಿತ್ತು, ಭಾನುವಾರ ಸಾಬ್ರು ಬಂದ್ರು. ಹಬ್ಬಕ್ಕೆ ಇನ್ನೊಂದೇ ವಾರ, ತೋಟದೋರು ದಿನಾ ಫೋನ್ ಮಾಡ್ತಾವ್ರೆ, ಇವತ್ತು ತಗೊಂಡು ಹೋಗ್ಲೇಬೇಕು ಅಂತ ಬರ್ತಾನೇ ಬೆಡ್‌ಶೀಟ್ ಹರಡಿದ್ರು. ಅಪ್ಪ ಹಿಡೀನ ಕೊಕ್ಕೆಯಿಂದ ಇಳಿಸಿ ತಂದ. ನೋಡೋಕೆ ಸಕ್ಕತ್ತಾಗಿತ್ತು. ಒಳಗಿಂದ ಬೆಳಕು ಬಂದಂಗೆ. ಸಾಬ್ರ ಮುಖ ಅರಳ್ತು. ಅಪ್ಪ ತನ್ನ ಬೆರಳಲ್ಲಿ ಸವರಿ ನೋಡ್ದ, ಆಮೇಲೆ ನನ್ನ ಕಡೆ ಹಿಡಿದ.

ನಾನು ಕೈ ಮಡಚಿ ಸವರಿದೆ. ಕೆನ್ನೆ ಒರಗೋ ಜಾಗದಲ್ಲಿ ಒಂದು ಚೂರು ತಡೀತು. ಒಂದೇ ಚೂರು. ಇನ್ನೊಂದು ಸಲ ಸವರಿದೆ. ತಡೀತು. ಒಣಗೈತೆ ಅಂದಿದ್ರೆ ಮುಗೀತಿತ್ತು. ಸಾಬ್ರು ಸುತ್ಕೊಂಡು ಹೋಗ್ತಿದ್ರು, ಅಪ್ಪ ಎರಡು ರೊಟ್ಟಿ ಜಾಸ್ತಿ ತಿಂತಿದ್ದ. ಒಂದು ವಾರದಲ್ಲಿ ತಾನೇ ಒಣಗಿರೋದೇನೋ. ಬೆಡ್‌ಶೀಟಿನ ದಾರ ಅಂಟ್ಕೊಂಡು ಕೆಟ್ಟೂ ಹೋಗಿರೋದೇನೋ. ಒಣಗಿಲ್ಲ ಅಂದ್ರೆ ಸಾಬ್ರು ಇನ್ನೊಂದು ಸಲ ಬರ್ತಾರೆ ಅನ್ನೋ ಗ್ಯಾರಂಟಿ ಇರ್ಲಿಲ್ಲ. ಅವ್ವ ಅಡಿಗೆಮನೆ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ಲು.

"ಹಸಿ ಐತೆ," ಅಂದೆ.

ಸಾಬ್ರು ನಕ್ಬಿಟ್ರು. ತಾವೇ ಮುಟ್ಟಿ ನೋಡಿದ್ರು. ಎಲ್ಲಿ ಹಸಿ, ಕನ್ನಡಿ ಇದ್ದಂಗೆ ಐತಲ್ಲೋ, ಹುಡುಗ ಏನೋ ಅಂತಾನೆ, ಸುತ್ತು ಸುತ್ತು ಅಂದ್ರು ಅಪ್ಪಂಗೆ. ಅಪ್ಪ ಹಿಡೀನ ಬೆಡ್‌ಶೀಟ್ ಮೇಲೆ ಇಡ್ಲಿಲ್ಲ. ತಗೊಂಡು ಹೋಗಿ ಮತ್ತೆ ಕೊಕ್ಕೆಗೆ ನೇತಾಕ್ದ. ಬಂದು ಸಾಬ್ರ ಮುಂದೆ ನಿಂತ. ಅವರ ಮುಂದೆ ಅವನು ಯಾವತ್ತೂ ಅಷ್ಟು ನೆಟ್ಟಗೆ ನಿಂತಿದ್ದು ನಾನು ನೋಡಿರ್ಲಿಲ್ಲ.

"ನನ್ನ ಕೈಗೆ ತಿಳಿಯಂಗಿಲ್ಲ ಸಾಬ್ರ. ಬೆರಳು ಹೋಗ್ಯಾವ. ಅದಕ್ಕ ಹಿಂದಿನವು ಎರಡು ಕೆಟ್ಟಿದ್ದು. ಈಗ ಇವ ಮುಟ್ಟಿ ನೋಡ್ತಾನ. ಇವ ಹಸಿ ಅಂದ್ರ ಹಸಿ."

ಸಾಬ್ರು ಸ್ವಲ್ಪ ಹೊತ್ತು ಅಪ್ಪನ ಕೈ ನೋಡಿದ್ರು. ಆಮೇಲೆ ಬೆಡ್‌ಶೀಟ್ ಮಡಚಿದ್ರು. ಎಷ್ಟು ದಿನ ಬೇಕು ಅಂತ ಕೇಳಿದ್ರು. ಅಪ್ಪನ್ನ ಅಲ್ಲ, ನನ್ನ. ಮಳೆ ನಿಂತ್ರೆ ನಾಲ್ಕು ಅಂದೆ. ಸರಿ, ಶುಕ್ರವಾರ ಬರ್ತೀನಿ, ಅವತ್ತೂ ಹಿಂಗೇ ಅಂದ್ರೆ ನಿನ್ನೇ ಕರ್ಕೊಂಡು ಹೋಗಿ ತೋಟದೋರ ಮುಂದೆ ನಿಲ್ಲಿಸ್ತೀನಿ ಅಂದು ಸ್ಕೂಟರ್ ಸ್ಟಾರ್ಟ್ ಮಾಡಿದ್ರು.

ಬುಧವಾರ ಬಿಸಿಲು ಬಿತ್ತು. ಗುರುವಾರ ಸಾಯಂಕಾಲ ನೋಡಿದೆ. ಕೆನ್ನೆ ಒರಗೋ ಜಾಗದಲ್ಲಿ ಎಲ್ಲೂ ತಡೀಲಿಲ್ಲ, ಜಾರ್ತು. ಒಣಗಿತ್ತು. ಅಪ್ಪ ಬಾಗಿಲಲ್ಲಿ ಕಾಯ್ತಿದ್ದ. ನಾನು ಇನ್ನೊಂದು ಸಲ ಸವರಿದೆ. ಮುಟ್ಟದೇ ತಿಂದ ಏಟು ನೆನಪಾಯ್ತು. ಬೆಳಿಗ್ಗೆವರೆಗೂ ಬಿಡು ಅಂದೆ. ಯಾಕೆ ಅಂತ ಅವನು ಕೇಳ್ಲಿಲ್ಲ. ಬಿಟ್ಟ.